ಫರ್ಮ್‌ವೇರ್ ಏರದ ರಾಡಾರ್ ಬೋರ್ಡ್: ಚಿಪ್ ಉತ್ತರ ಕೊಟ್ಟಿತಾ, ಮೊದಲು ಅದನ್ನು ನೋಡಿ

(ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಮತ್ತು ಸ್ವಂತ ಬೋರ್ಡ್ ಮಾಡುವ ಹವ್ಯಾಸಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ವಿಷಯ. ನೀವೇ ಡಿಸೈನ್ ಮಾಡಿ, ಪಿಸಿಬಿ ಮಾಡಿಸಿ, ಚಿಪ್ ಕೂರಿಸಿದ ರಾಡಾರ್ ಬೋರ್ಡ್ ಮೇಜಿನ ಮೇಲಿದೆ. ಪವರ್ ಕೊಟ್ಟಾಗಿದೆ, ಏನೂ ಬಿಸಿಯಾಗಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಯೂನಿಫ್ಲ್ಯಾಶ್, ಅಂದರೆ ಬೋರ್ಡ್‌ಗೆ ಫರ್ಮ್‌ವೇರ್ (ಚಿಪ್ ಓಡಿಸುವ ಪ್ರೋಗ್ರಾಂ) ತುಂಬುವ ಸಾಫ್ಟ್‌ವೇರ್, ತೆರೆದು ಬಟನ್ ಒತ್ತಿದರೆ ಎರರ್ ಬರುತ್ತದೆ. ಮತ್ತೆ ಒತ್ತಿದರೂ ಅದೇ. ಕೇಬಲ್ ಬದಲಾಯಿಸಿ, ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿ, ಬೇರೆ ಲ್ಯಾಪ್‌ಟಾಪ್ ತಂದು, ಇನ್ನೊಂದು ಫರ್ಮ್‌ವೇರ್ ಫೈಲ್ ಹುಡುಕಿ, ಹೀಗೆ ದಿನಗಳೇ ಹೋಗಿಬಿಡುತ್ತವೆ. ನನ್ನ ಬಳಿ ಬರುವ ಹುಡುಗರಲ್ಲಿ ಹೆಚ್ಚಿನವರು ಇಷ್ಟನ್ನೂ ಮಾಡಿ ಸೋತು ಬಂದವರು. ಆದರೆ ಅವರಲ್ಲಿ ಬಹಳ ಜನ ಬೋರ್ಡ್‌ಗೆ ಇನ್ನೂ ಆಸಿಲೋಸ್ಕೋಪ್ ಪ್ರೋಬ್ ಮುಟ್ಟಿಸಿಯೇ ಇರುವುದಿಲ್ಲ.

ಮಾತು ತೇಲಿ ಹೋಗಬಾರದು, ಅದಕ್ಕೆ ಒಂದೇ ಚಿಪ್ ಹಿಡಿದುಕೊಳ್ಳೋಣ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಅಂದರೆ ಟಿಐ ಕಂಪನಿಯ ಐಡಬ್ಲ್ಯುಆರ್6843. 60ರಿಂದ 64 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ರಾಡಾರ್. 3 ಟ್ರಾನ್ಸ್‌ಮಿಟರ್, 4 ರಿಸೀವರ್, ಒಂದು ಕಾರ್ಟೆಕ್ಸ್ ಆರ್4ಎಫ್ ಪ್ರೊಸೆಸರ್, ಸಿಗ್ನಲ್ ಲೆಕ್ಕ ಮಾಡುವ ಒಂದು ಡಿಎಸ್‌ಪಿ, ಎಲ್ಲವೂ 10.4 ಮಿಲಿಮೀಟರ್ ಚೌಕದ ಒಂದು ತುಂಡಿನಲ್ಲಿ. ಈ ಕಂಪನಿ ಬೆಂಗಳೂರಿಗೆ ಬಂದಿದ್ದು 1985ರಲ್ಲಿ. ಈ ಸಾಲಿನ ರಾಡಾರ್ ಚಿಪ್‌ಗಳ ಕೆಲಸದಲ್ಲಿ ಇಲ್ಲಿನ ಎಂಜಿನಿಯರ್‌ಗಳ ಪಾಲು ದೊಡ್ಡದು. ನಮ್ಮ ಊರಿನಲ್ಲೇ ಕುಳಿತು ಯೋಚಿಸಿದ ಚಿಪ್ ಅನ್ನು ನಮ್ಮ ಊರಿನ ಹುಡುಗರು ಸ್ವಂತ ಬೋರ್ಡ್ ಮೇಲೆ ಕೂರಿಸುವುದನ್ನು ನೋಡಿದರೆ ನನಗೆ ನಿಜಕ್ಕೂ ಖುಷಿಯಾಗುತ್ತದೆ.

ಈ ಚಿಪ್ ಬಗ್ಗೆ ಮೊದಲು ತಿಳಿಯಬೇಕಾದ್ದು ಒಂದಿದೆ. ಇದರ ಒಳಗೆ ಫ್ಲ್ಯಾಶ್ ಮೆಮೊರಿ ಇಲ್ಲ. ಒಳಗಿರುವುದು ರ‍್ಯಾಮ್ ಮತ್ತು ಕಾರ್ಖಾನೆಯಲ್ಲೇ ಬರೆದ ಒಂದು ಪುಟ್ಟ ಬೂಟ್‌ಲೋಡರ್. ನಿಮ್ಮ ಫರ್ಮ್‌ವೇರ್ ಇರುವುದು ಪಕ್ಕದ ಎಂಟು ಕಾಲಿನ ಕ್ಯೂಎಸ್‌ಪಿಐ (ನಾಲ್ಕು ಡೇಟಾ ತಂತಿಯ) ಫ್ಲ್ಯಾಶ್ ಚಿಪ್‌ನಲ್ಲಿ. ಪ್ರತಿ ಸಲ ಪವರ್ ಬಂದಾಗ ಬೂಟ್‌ಲೋಡರ್ ಅಲ್ಲಿಂದ ಓದಿ ರ‍್ಯಾಮ್‌ಗೆ ತುಂಬಿಕೊಳ್ಳುತ್ತದೆ. ಅಂದರೆ ಯೂನಿಫ್ಲ್ಯಾಶ್ ನೇರವಾಗಿ ಫ್ಲ್ಯಾಶ್‌ಗೆ ಬರೆಯುವುದಿಲ್ಲ. ಅದು ಸೀರಿಯಲ್ ಪೋರ್ಟ್ ಮೂಲಕ ಬೂಟ್‌ಲೋಡರ್ ಜತೆ ಮಾತಾಡುತ್ತದೆ, ಬೂಟ್‌ಲೋಡರ್ ಫ್ಲ್ಯಾಶ್‌ಗೆ ಬರೆಯುತ್ತದೆ. ನಡುವೆ ಒಬ್ಬ ಇದ್ದಾನೆ. ಅವನು ಎದ್ದಿದ್ದಾನಾ ಇಲ್ಲವಾ ಅನ್ನುವುದೇ ನಮ್ಮ ಮೊದಲ ಪ್ರಶ್ನೆ.

ಎರರ್ ಅನ್ನು ಓದುವ ರೀತಿಯೂ ಇಲ್ಲಿಂದಲೇ ಬರುತ್ತದೆ. ಸೀರಿಯಲ್ ಪೋರ್ಟ್ ತೆರೆಯಲು ಆಗಲಿಲ್ಲ ಅಂತ ಬಂದರೆ ಅದು ನಿಮ್ಮ ಕಂಪ್ಯೂಟರ್‌ನ ತೊಂದರೆ, ಬೋರ್ಡ್‌ಗೆ ಸಂಬಂಧವೇ ಇಲ್ಲ. ಬೇರೆ ಟರ್ಮಿನಲ್ ಪ್ರೋಗ್ರಾಂ ಆ ಪೋರ್ಟ್ ಹಿಡಿದುಕೊಂಡಿರುತ್ತದೆ, ಇಲ್ಲವೇ ಲಿನಕ್ಸ್‌ನಲ್ಲಿ ನೀವು ಸೀರಿಯಲ್ ಪೋರ್ಟ್ ಬಳಸುವ ಅನುಮತಿ ಇರುವ ಡಯಲ್‌ಔಟ್ ಗುಂಪಿನಲ್ಲಿ ಇರುವುದಿಲ್ಲ. ಎರಡು ಪೋರ್ಟ್ ಇರುವ ಯುಎಸ್‌ಬಿ ಚಿಪ್ ಹಾಕಿದ್ದರೆ, ಉದಾಹರಣೆಗೆ ಸಿಪಿ2105, ವಿಂಡೋಸ್‌ನಲ್ಲಿ ಎನ್‌ಹ್ಯಾನ್ಸ್ಡ್ ಮತ್ತು ಸ್ಟ್ಯಾಂಡರ್ಡ್ ಅಂತ ಎರಡು ಕಾಣಿಸುತ್ತವೆ. ಟಿಐ ಬೋರ್ಡ್‌ನಲ್ಲಿ ಫ್ಲ್ಯಾಶ್‌ಗೆ ಬಳಸುವುದು ಎನ್‌ಹ್ಯಾನ್ಸ್ಡ್ ಪೋರ್ಟ್. ನಿಮ್ಮ ಬೋರ್ಡ್‌ನಲ್ಲಿ ಯಾವುದು ಎಲ್ಲಿಗೆ ಹೋಗಿದೆ ಅಂತ ನಿಮ್ಮ ಸ್ಕೀಮ್ಯಾಟಿಕ್ ಹೇಳಬೇಕು. ಎರಡನೆಯ ತರಹದ ಎರರ್, ಅಂದರೆ ಪೋರ್ಟ್ ತೆರೆಯಿತು ಆದರೆ ಚಿಪ್‌ನಿಂದ ಮೊದಲ ಉತ್ತರವೇ ಬರಲಿಲ್ಲ ಅನ್ನುವುದು, ಅದೇ ಇವತ್ತಿನ ಮುಖ್ಯ ಮಾತು. ಮೂರನೆಯದು, ಚಿಪ್ ಉತ್ತರ ಕೊಟ್ಟಿತು, ವರ್ಷನ್ ಸಂಖ್ಯೆಯನ್ನೂ ಹೇಳಿತು, ಬರೆಯುವಾಗ ಕೆಟ್ಟಿತು. ಈ ಎರಡು ಬೇರೆ ಬೇರೆ ಕಾಯಿಲೆ. ಎರಡನೆಯದು ಬಂದಾಗ ಫ್ಲ್ಯಾಶ್ ಚಿಪ್ ಬಿಚ್ಚಿ ಬದಲಾಯಿಸಿದರೆ ಏನೂ ಪ್ರಯೋಜನವಿಲ್ಲ. ಮಾತು ಅಲ್ಲಿಯವರೆಗೆ ಹೋಗಿಯೇ ಇಲ್ಲ, ಅಲ್ವಾ?

ಚಿಪ್ ಮೌನವಾಗಿದ್ದರೆ ಮೊದಲು ಪವರ್ ನೋಡಿ. ಇದಕ್ಕೆ ನಾಲ್ಕು ತರಹದ ವೋಲ್ಟೇಜ್ ಬೇಕು. ಐಒಗೆ, ಅಂದರೆ ಹೊರಗಿನ ಜತೆ ಮಾತಾಡುವ ಪಿನ್‌ಗಳಿಗೆ, 3.3 (ಬೇಕಾದರೆ 1.8), ಕ್ಲಾಕ್ ಮತ್ತು ಅನಲಾಗ್ ಭಾಗಕ್ಕೆ 1.8, ಡಿಜಿಟಲ್ ಮತ್ತು ಮೆಮೊರಿಗೆ 1.2, ಆರ್‌ಎಫ್‌ಗೆ 1.3 ಅಥವಾ 1.0. ಅಳತೆ ಮಾಡುವಾಗ ರೆಗ್ಯುಲೇಟರ್ ಹತ್ತಿರ ಅಲ್ಲ, ಚಿಪ್‌ಗೆ ತೀರಾ ಪಕ್ಕದ ಕೆಪಾಸಿಟರ್ ಮೇಲೆ ಅಳೆಯಿರಿ. ನಡುವಿನ ಫೆರೈಟ್ ಬೀಡ್ ಸರಿಯಾಗಿ ಬೆಸುಗೆ ಆಗಿಲ್ಲದಿದ್ದರೆ ಅದು ಗೊತ್ತಾಗುವುದು ಅಲ್ಲಿ ಮಾತ್ರ.

ಈಗ ನಾನು ಜಾಸ್ತಿ ಹೊತ್ತು ನಿಲ್ಲಬೇಕಾದ ಜಾಗ. ಎಸ್‌ಒಪಿ, ಅಂದರೆ ಸೆನ್ಸ್ ಆನ್ ಪವರ್ ಪಿನ್‌ಗಳು. ಪವರ್ ಬಂದಾಗ ಚಿಪ್ ಯಾವ ಮೋಡ್‌ನಲ್ಲಿ ಏಳಬೇಕು ಅಂತ ಹೇಳುವ ಮೂರು ಪಿನ್. ಎಸ್‌ಒಪಿ2, 1, 0 ಅನ್ನುವ ಕ್ರಮದಲ್ಲಿ 101 ಇದ್ದರೆ ಫ್ಲ್ಯಾಶ್ ಮಾಡುವ ಮೋಡ್. 001 ಇದ್ದರೆ ಫ್ಲ್ಯಾಶ್‌ನಿಂದ ಓದಿ ಕೆಲಸ ಶುರು ಮಾಡುವ ಮೋಡ್. 011 ಇದ್ದರೆ ಜೆಟ್ಯಾಗ್ ಅನ್ನುವ ಪರೀಕ್ಷಾ ಸಂಪರ್ಕ ಹಾಕಿ ಡಿಬಗ್ ಮಾಡುವ ಮೋಡ್. ಈ ಮೂರನ್ನೂ ಒಂದರ ಕೆಳಗೊಂದು ಬರೆದು ನೋಡಿ. ಎಸ್‌ಒಪಿ0 ಮೂರರಲ್ಲೂ 1. ಅಂದರೆ ಆ ಪಿನ್ ಯಾವ ಕಾರಣಕ್ಕಾದರೂ ಕೆಳಗೆ ಎಳೆದುಕೊಂಡಿದ್ದರೆ ನಿಮ್ಮ ಬೋರ್ಡ್ ಈ ಮೂರರಲ್ಲಿ ಯಾವುದಕ್ಕೂ ಬರುವುದಿಲ್ಲ. ಫ್ಲ್ಯಾಶ್ ಮೋಡ್‌ಗೂ ಕೆಲಸದ ಮೋಡ್‌ಗೂ ಇರುವ ವ್ಯತ್ಯಾಸ ಎಸ್‌ಒಪಿ2 ಒಂದೇ. ಹಾಗಾಗಿ ಸರಳವಾದ ಬೋರ್ಡ್‌ನಲ್ಲಿ 0ಕ್ಕೆ 10 ಕಿಲೋಓಮ್ ಪುಲ್‌ಅಪ್ (ಮೇಲಕ್ಕೆ ಎಳೆಯುವ ರೆಸಿಸ್ಟರ್), 1ಕ್ಕೆ 10 ಕಿಲೋಓಮ್ ಪುಲ್‌ಡೌನ್ (ಕೆಳಕ್ಕೆ ಎಳೆಯುವುದು), 2ಕ್ಕೆ ಒಂದು ಜಂಪರ್. ಇಷ್ಟಿದ್ದರೆ ಸಾಕು.

ಇಷ್ಟು ಸುಲಭ ಇದ್ದರೆ ತೊಂದರೆ ಎಲ್ಲಿಂದ ಬರುತ್ತದೆ? ಈ ಪಿನ್‌ಗಳಿಗೆ ಎರಡೆರಡು ಕೆಲಸ ಇದೆ. ಎಸ್‌ಒಪಿ0 ಅನ್ನುವುದು ಜೆಟ್ಯಾಗ್‌ನ ಟಿಡಿಒ ಪಿನ್. ಎಸ್‌ಒಪಿ1 ಅನ್ನುವುದು ಸಿಂಕ್ ಔಟ್. ಎಸ್‌ಒಪಿ2 ಅನ್ನುವುದು ಪವರ್ ಚಿಪ್‌ಗೆ ಹೋಗುವ ಕ್ಲಾಕ್. ಟಿಐನ ಬೋರ್ಡ್ ನೋಡಿ ಸ್ಕೀಮ್ಯಾಟಿಕ್ ಮಾಡುವಾಗ ನಾವು ಈ ಎರಡನೆಯ ಕೆಲಸಗಳನ್ನೇ ನೋಡುತ್ತೇವೆ. ಸಿಂಕ್ ಔಟ್ ಸುಮ್ನೆ ಖಾಲಿ ಇದೆಯಲ್ಲ ಅಂತ ಅದಕ್ಕೊಂದು ಎಲ್‌ಇಡಿ ಹಾಕುತ್ತೇವೆ. ಎಲ್‌ಇಡಿ 3.3ರಿಂದ ಬಂದಿದ್ದರೆ ಅದೇ ಒಂದು ಪುಲ್‌ಅಪ್ ಆಗುತ್ತದೆ. ಟಿಡಿಒಗೆ ಜೆಟ್ಯಾಗ್ ಡಿಬಗರ್ ಸಿಕ್ಕಿಸಿಯೇ ಬಿಟ್ಟಿರುತ್ತೇವೆ, ಅದರ ಒಳಗಿನ ರೆಸಿಸ್ಟರ್ ಲೆಕ್ಕಕ್ಕೇ ಬಂದಿರುವುದಿಲ್ಲ. ಎಸ್‌ಒಪಿ2 ಇನ್ನೂ ಕಷ್ಟ. ನೀವು 10 ಕಿಲೋಓಮ್‌ನಿಂದ ಮೇಲಕ್ಕೆ ಎಳೆದಿದ್ದೀರಿ, ಆ ತಂತಿಯ ಆಚೆ ತುದಿಯಲ್ಲಿ ಇನ್ನೊಂದು 10 ಕಿಲೋಓಮ್ ಪುಲ್‌ಡೌನ್ ಇದೆ ಅಂದುಕೊಳ್ಳಿ. 3.3 ಸರಿಯಾಗಿ ಅರ್ಧವಾಗಿ 1.65 ಆಗುತ್ತದೆ. ಅದು ಗಟ್ಟಿಯಾದ ಒಂದು ಅಲ್ಲ, ಅಂಚಿನಲ್ಲಿ ನಿಂತಿರುವ ಮಟ್ಟ. ಬೆಳಿಗ್ಗೆ ಒಂದು ರೀತಿ, ಬೋರ್ಡ್ ಬಿಸಿಯಾದ ಮೇಲೆ ಇನ್ನೊಂದು ರೀತಿ ವರ್ತಿಸಬಹುದು. ಒಮ್ಮೊಮ್ಮೆ ಫ್ಲ್ಯಾಶ್ ಆಗುತ್ತದೆ ಸಾರ್, ಒಮ್ಮೊಮ್ಮೆ ಆಗಲ್ಲ ಅಂತ ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಇದನ್ನೇ.

ಜತೆಗೆ ಇನ್ನೊಂದು ವಿಷಯ. ಚಿಪ್ ಈ ಪಿನ್‌ಗಳನ್ನು ಯಾವಾಗಲೂ ನೋಡುತ್ತಾ ಇರುವುದಿಲ್ಲ. ರಿಸೆಟ್ ಪಿನ್ ಕೆಳಗಿನಿಂದ ಮೇಲಕ್ಕೆ ಏರುವಾಗ ಮಾತ್ರ ನೋಡುತ್ತದೆ. ಕ್ಲಾಸಿನಲ್ಲಿ ಹಾಜರಿ ಕರೆದ ಹಾಗೆ, ಹೆಸರು ಕರೆದಾಗ ಇದ್ದರೆ ಇದ್ದ ಲೆಕ್ಕ, ಆಮೇಲೆ ಓಡಿ ಬಂದರೆ ಇಲ್ಲ. ಹಾಗಾಗಿ ಪವರ್ ಕೊಟ್ಟ ಮೇಲೆ ಜಂಪರ್ ಹಾಕಿದರೆ ಪ್ರಯೋಜನವಿಲ್ಲ. ಮಲ್ಟಿಮೀಟರ್‌ನಲ್ಲಿ ನಿಧಾನವಾಗಿ ಅಳೆದು 3.3 ಇದೆ ಸಾರ್ ಅಂದರೂ ಪೂರ್ತಿ ಗೊತ್ತಾಗುವುದಿಲ್ಲ, ಯಾಕೆಂದರೆ ನೀವು ಅಳೆಯುತ್ತಿರುವುದು ಹಾಜರಿ ಮುಗಿದ ಮೇಲೆ. ಸ್ಕೋಪ್‌ನ ಒಂದು ಚಾನಲ್ ಅನ್ನು ರಿಸೆಟ್ ಮೇಲೆ ಇಡಿ, ಇನ್ನೊಂದನ್ನು ಎಸ್‌ಒಪಿ ಪಿನ್ ಮೇಲೆ ಇಡಿ, ರಿಸೆಟ್ ಏರುವ ಅಂಚಿಗೆ ಟ್ರಿಗರ್ ಕೊಟ್ಟು ಒಂದೇ ಸಲ ಹಿಡಿಯಿರಿ. ಮೂರು ಪಿನ್‌ಗೆ ಮೂರು ಚಿತ್ರ. ಈ ಮೂರು ಚಿತ್ರ ಕೈಯಲ್ಲಿದ್ದರೆ ಅರ್ಧ ಸಮಸ್ಯೆ ಅಲ್ಲೇ ಕಾಣುತ್ತದೆ ಅಂತ ನಾನು ನಂಬಿಕೆಯಿಂದ ಹೇಳುತ್ತೇನೆ.

ರಿಸೆಟ್ ಕೂಡ ಅಷ್ಟೇ ಮುಖ್ಯ. ಎಲ್ಲ ವೋಲ್ಟೇಜ್‌ಗಳೂ ಬಂದು ನಿಂತ ಮೇಲೆಯೇ ರಿಸೆಟ್ ಏರಬೇಕು. ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಹಾಕಿ ಕೈತೊಳೆದುಕೊಂಡಿದ್ದರೆ, 1.2 ವೋಲ್ಟ್ ಇನ್ನೂ ಏರುತ್ತಿರುವಾಗಲೇ ರಿಸೆಟ್ ಮೇಲೆ ಹೋಗಿರಬಹುದು. ವೋಲ್ಟೇಜ್ ಸರಿಯಾಗಿದೆ ಅಂತ ಹೇಳುವ, ಪವರ್ ಚಿಪ್‌ನ ಪವರ್‌ಗುಡ್ ಪಿನ್‌ನಿಂದ ರಿಸೆಟ್ ತೆಗೆದುಕೊಳ್ಳುವುದು ಒಳ್ಳೆಯದು.

ಇದಕ್ಕೆ ಅಂಟಿಕೊಂಡೇ ಇರುವ ಇನ್ನೊಂದು ತೊಂದರೆ ಇದೆ, ಇದನ್ನು ಬಹಳ ಜನ ಊಹಿಸುವುದೇ ಇಲ್ಲ. ಯೂನಿಫ್ಲ್ಯಾಶ್ ಪವರ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತದೆ. ನೀವು ಬೋರ್ಡ್‌ನ 5 ವೋಲ್ಟ್ ಅಡಾಪ್ಟರ್ ಕಿತ್ತು ಮತ್ತೆ ಹಾಕುತ್ತೀರಿ. ಆದರೆ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಲ್ಯಾಪ್‌ಟಾಪ್‌ಗೆ ಸಿಕ್ಕಿಕೊಂಡೇ ಇದೆ. ಸೀರಿಯಲ್ ಲೈನ್ ಕೆಲಸವಿಲ್ಲದಾಗ ಮೇಲೆಯೇ ಇರುತ್ತದೆ, ಅಂದರೆ ಅದರ ಟಿಎಕ್ಸ್ (ಕಳಿಸುವ) ತಂತಿಯಲ್ಲಿ 3.3 ವೋಲ್ಟ್ ನಿಂತಿದೆ. ಅದು ಚಿಪ್‌ನ ಆರ್‌ಎಕ್ಸ್ (ಪಡೆಯುವ) ಪಿನ್‌ನ ಒಳಗಿನ ರಕ್ಷಣಾ ಡಯೋಡ್ ಮೂಲಕ ಐಒ ಪವರ್ ಲೈನ್‌ಗೆ ಹರಿಯುತ್ತದೆ. ನೀವು ಆಫ್ ಮಾಡಿದ್ದೀರಿ, ಆದರೆ 3.3ರ ಲೈನ್ ಪೂರ್ತಿ ಸೊನ್ನೆಗೆ ಇಳಿದೇ ಇಲ್ಲ. ಚಿಪ್ ಅರೆಬರೆ ಎಚ್ಚರದಲ್ಲಿ ಉಳಿದಿರುತ್ತದೆ, ಮತ್ತೆ ಆನ್ ಮಾಡಿದಾಗ ಸರಿಯಾಗಿ ಶುರುವಾಗುವುದಿಲ್ಲ. ಡೇಟಾಶೀಟ್‌ನಲ್ಲೇ ಇದಕ್ಕೆ ಎಚ್ಚರಿಕೆ ಇದೆ. ಕೆಲವೇ ಪಿನ್‌ಗಳನ್ನು ಬಿಟ್ಟು ಉಳಿದ ಯಾವ ಐಒ ಪಿನ್‌ಗೂ ಐಒ ಪವರ್ ಇಲ್ಲದಾಗ ಹೊರಗಿನಿಂದ ವೋಲ್ಟೇಜ್ ಕೊಡಬಾರದು. ಇದು ಬರೀ ಬೂಟ್ ಆಗದ ತೊಂದರೆ ಅಲ್ಲ, ಚಿಪ್ ಆಯಸ್ಸಿನ ಪ್ರಶ್ನೆಯೂ ಹೌದು. ಪರೀಕ್ಷೆ ಸುಲಭ. ಅಡಾಪ್ಟರ್ ಕಿತ್ತು, ಯುಎಸ್‌ಬಿ ಹಾಗೇ ಬಿಟ್ಟು, 3.3 ಲೈನ್ ಅಳೆಯಿರಿ. ಏನಾದರೂ ವೋಲ್ಟೇಜ್ ಉಳಿದಿದ್ದರೆ ಕಾರಣ ಸಿಕ್ಕಿತು. ಮುಂದಿನ ಬೋರ್ಡ್‌ನಲ್ಲಿ ನಡುವೆ ಒಂದು ಬಫರ್ ಹಾಕಿ, ಪವರ್ ಇಲ್ಲದಾಗ ತನ್ನ ಪಿನ್‌ಗಳನ್ನು ಬಿಟ್ಟುಕೊಡುವ ಜಾತಿಯದ್ದು. ಈಗಿನ ಬೋರ್ಡ್‌ಗಾದರೆ ಎರಡನ್ನೂ ಕೀಳಿ, ಮೊದಲು ಬೋರ್ಡ್‌ಗೆ ಪವರ್ ಕೊಟ್ಟು ಆಮೇಲೆ ಸೀರಿಯಲ್ ಸಿಕ್ಕಿಸಿ.

ಕ್ಲಾಕ್ ಬಗ್ಗೆ ಸ್ವಲ್ಪ. 40 ಮೆಗಾಹರ್ಟ್ಸ್ ಕ್ರಿಸ್ಟಲ್ ಬೇಕು. ಅದರ ಎರಡು ಕಡೆಯ ಕೆಪಾಸಿಟರ್‌ಗಳನ್ನು ಕಣ್ಣಂದಾಜಿನಲ್ಲಿ ಹಾಕಬೇಡಿ. ಕ್ರಿಸ್ಟಲ್‌ನ ಲೋಡ್ 8 ಪಿಕೊಫ್ಯಾರಡ್, ಬೋರ್ಡ್‌ನ ದಾರಿಗಳದ್ದೇ ಸುಮಾರು 2 ಅಂತ ಹಿಡಿದರೆ, ಎರಡು ಕಡೆಯೂ 12 ಬೇಕಾಗುತ್ತದೆ, ಯಾಕೆಂದರೆ ಸಮನಾದ ಎರಡು ಕೆಪಾಸಿಟರ್ ಸಾಲಿನಲ್ಲಿ ಇದ್ದಾಗ ಲೆಕ್ಕಕ್ಕೆ ಬರುವುದು ಅರ್ಧ. ಮಾಮೂಲಿ 10ಎಕ್ಸ್ ಪ್ರೋಬ್ ತಾನೇ ಸುಮಾರು 10 ಪಿಕೊಫ್ಯಾರಡ್ ಸೇರಿಸುತ್ತದೆ. ಅದನ್ನು ಇಟ್ಟಾಗ ಕ್ಲಾಕ್ ನಿಂತರೆ ಕ್ರಿಸ್ಟಲ್ ಕೆಟ್ಟಿದೆ ಅಂತ ತೀರ್ಮಾನ ಮಾಡಬೇಡಿ.

ಪವರ್ ಸರಿ, ಎಸ್‌ಒಪಿ ಸರಿ, ರಿಸೆಟ್ ಸರಿ, ಕ್ಲಾಕ್ ಸರಿ, ಆದರೂ ಮೌನ ಅಂದರೆ ಸೀರಿಯಲ್ ತಂತಿಗಳನ್ನು ನೋಡಿ. ಚಿಪ್‌ನ ಪಿನ್‌ಗೆ ಆರ್‌ಎಸ್232 ಅಂತ ಹೆಸರು ಇಟ್ಟಿದ್ದಾರೆ, ಆದರೆ ಅದು ಐಒ ಮಟ್ಟದ ಲಾಜಿಕ್, ನಮ್ಮ ಲೆಕ್ಕದಲ್ಲಿ 3.3 ವೋಲ್ಟ್. ಹಳೆಯ ಒಂಬತ್ತು ಪಿನ್ ಕನೆಕ್ಟರ್‌ನ ಅಸಲಿ ಆರ್‌ಎಸ್232 ಅಡಾಪ್ಟರ್ ಹಾಕಿದರೆ ಚಿಪ್ ಹೋಗುತ್ತದೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಗುವ ಅಡಾಪ್ಟರ್‌ಗಳಲ್ಲಿ 5 ಮತ್ತು 3.3ಕ್ಕೆ ಜಂಪರ್ ಇರುತ್ತದೆ, 3.3ಕ್ಕೆ ಇದೆಯಾ ಅಂತ ಅಳೆದೇ ಸಿಕ್ಕಿಸಿ. ಅಡಾಪ್ಟರ್‌ನ ಟಿಎಕ್ಸ್ ಮತ್ತು ಆರ್‌ಎಕ್ಸ್ ಎರಡನ್ನೂ ಒಂದಕ್ಕೊಂದು ಮುಟ್ಟಿಸಿ, ಟರ್ಮಿನಲ್‌ನಲ್ಲಿ ಟೈಪ್ ಮಾಡಿದ ಅಕ್ಷರ ವಾಪಸ್ ಬಂದರೆ ಅಡಾಪ್ಟರ್ ಸರಿ ಇದೆ, ಇದೇ ಲೂಪ್‌ಬ್ಯಾಕ್ ಪರೀಕ್ಷೆ. ಟಿಎಕ್ಸ್ ಆರ್‌ಎಕ್ಸ್ ಅದಲು ಬದಲಾಗಿರುವುದು, ಗ್ರೌಂಡ್ ತಂತಿ ಮರೆತಿರುವುದು, ಇವೆಲ್ಲ ನಿಮಗೆ ಗೊತ್ತಿರುವುದೇ.

ಗೊತ್ತಿಲ್ಲದಿರಬಹುದಾದದ್ದು ಬ್ರೇಕ್ ಸಿಗ್ನಲ್. ಯೂನಿಫ್ಲ್ಯಾಶ್ ಮೊದಲು ಅಕ್ಷರ ಕಳಿಸುವುದಿಲ್ಲ. ಲೈನ್ ಅನ್ನು ಕೆಳಗೆ ಎಳೆದು ಹಿಡಿಯುತ್ತದೆ. 115200 ಬಾಡ್‌ನಲ್ಲಿ ಒಂದು ಬೈಟ್‌ಗೆ ಸುಮಾರು 87 ಮೈಕ್ರೋಸೆಕೆಂಡ್. ಅದಕ್ಕಿಂತ ಜಾಸ್ತಿ ಹೊತ್ತು ಲೈನ್ ಕೆಳಗೇ ಇದ್ದರೆ ಅದು ಬ್ರೇಕ್. ಬೂಟ್‌ಲೋಡರ್ ಕಾಯುತ್ತಿರುವುದು ಇದಕ್ಕೆ. ಇದನ್ನು ನೋಡಿದ ಮೇಲೆಯೇ ಅದು ಉತ್ತರ ಕೊಡುತ್ತದೆ. ಸಣ್ಣ ಮೈಕ್ರೋಕಂಟ್ರೋಲರ್‌ನಿಂದ ಯುಎಸ್‌ಬಿ-ಸೀರಿಯಲ್ ಮಾಡಿಕೊಂಡಿದ್ದರೆ, ಅದರೊಳಗಿನ ಕೋಡ್ ಅಕ್ಷರಗಳನ್ನು ದಾಟಿಸುತ್ತದೆ, ಬ್ರೇಕ್ ಅನ್ನು ದಾಟಿಸದೆ ನುಂಗಿಬಿಡಬಹುದು. ಟರ್ಮಿನಲ್‌ನಲ್ಲಿ ಎಲ್ಲವೂ ಚೆನ್ನಾಗಿ ಕೆಲಸ ಮಾಡುತ್ತದೆ, ಲೂಪ್‌ಬ್ಯಾಕ್ ಪರೀಕ್ಷೆಯೂ ಪಾಸ್, ಆದರೆ ಫ್ಲ್ಯಾಶ್ ಮಾತ್ರ ಯಾವತ್ತೂ ಆಗುವುದಿಲ್ಲ. ಹೀಗಿದ್ದಾಗ ಚಿಪ್‌ನ ಆರ್‌ಎಕ್ಸ್ ಪಿನ್ ಹತ್ತಿರ ಪ್ರೋಬ್ ಇಟ್ಟು ಬಟನ್ ಒತ್ತಿ. ಉದ್ದನೆಯ ಕೆಳಮಟ್ಟ ಕಾಣದಿದ್ದರೆ ಚಿಪ್‌ದು ತಪ್ಪೇ ಇಲ್ಲ. ಕಂಡರೆ ಪ್ರೋಬ್ ಅನ್ನು ಟಿಎಕ್ಸ್‌ಗೆ ಬದಲಾಯಿಸಿ. ಅಲ್ಲಿ ಉತ್ತರ ಹೊರಟಿದ್ದರೆ ಮೇಲೆ ಹೇಳಿದ್ದೆಲ್ಲ ಮುಗಿಯಿತು ಅಂತ ಅರ್ಥ.

ಇನ್ನು ಉತ್ತರ ಕೊಟ್ಟು, ಬರೆಯುವಾಗ ಕೆಡುವ ಬೋರ್ಡ್. ಈಗ ಕ್ಯೂಎಸ್‌ಪಿಐ ಕಡೆ ಹೋಗಿ. ಫ್ಲ್ಯಾಶ್ ಚಿಪ್‌ನ ಎರಡು ಪಿನ್‌ಗಳು ನಾಲ್ಕು ತಂತಿಯ ಮೋಡ್‌ನಲ್ಲಿ ಡೇಟಾ, ಒಂದು ತಂತಿಯ ಮೋಡ್‌ನಲ್ಲಿ ರೈಟ್ ಪ್ರೊಟೆಕ್ಟ್ ಮತ್ತು ಹೋಲ್ಡ್. ಇವಕ್ಕೆ ಪುಲ್‌ಅಪ್ ಇಲ್ಲದಿದ್ದರೆ, ಹೋಲ್ಡ್ ಪಿನ್ ತೇಲುತ್ತಾ ಕೆಳಗೆ ಬಂದಾಗ ಫ್ಲ್ಯಾಶ್ ಕೆಲಸ ನಿಲ್ಲಿಸಿ ಕೂರುತ್ತದೆ. ಐಒ ಪವರ್ 1.8 ಇಟ್ಟುಕೊಂಡು 3 ವೋಲ್ಟ್‌ನ ಫ್ಲ್ಯಾಶ್ ಹಾಕಿರುವುದೂ ಆಗುತ್ತದೆ, ಪಾರ್ಟ್ ನಂಬರ್‌ನಲ್ಲಿ ಒಂದು ಅಕ್ಷರದ ವ್ಯತ್ಯಾಸ ಅಷ್ಟೇ. ಕಮ್ಮಿ ಬೆಲೆಯ ಲಾಜಿಕ್ ಅನಲೈಸರ್ ಒಂದಿದ್ದರೆ ಇಲ್ಲಿ ಬಹಳ ಸಹಾಯ. 9ಎಫ್ ಅನ್ನುವ ಕಮಾಂಡ್‌ಗೆ ಫ್ಲ್ಯಾಶ್ ತನ್ನ ಗುರುತು ಹೇಳುತ್ತದೆ. ಮ್ಯಾಕ್ರೋನಿಕ್ಸ್ ಆದರೆ ಸಿ2, ವಿನ್‌ಬಾಂಡ್ ಆದರೆ ಇಎಫ್. ಬರೀ ಎಫ್‌ಎಫ್ ಅಥವಾ ಬರೀ ಸೊನ್ನೆ ಬಂದರೆ ಯಾವುದೋ ತಂತಿ ಕಡಿದಿದೆ ಅಥವಾ ಚಿಪ್ ಸೆಲೆಕ್ಟ್ ತಲುಪುತ್ತಿಲ್ಲ.

ಫ್ಲ್ಯಾಶ್ ಆಯ್ಕೆಯಲ್ಲಿ ಹಟ ಬೇಡ. ತನ್ನ ಗುಣಗಳನ್ನು ತಾನೇ ಹೇಳುವ ಎಸ್‌ಎಫ್‌ಡಿಪಿ ಪಟ್ಟಿ ಇರುವ ಭಾಗವನ್ನೇ ತೆಗೆದುಕೊಳ್ಳಿ. ನಾಲ್ಕು ತಂತಿಯ ಓದನ್ನು ಆನ್ ಮಾಡುವ ಒಂದು ಬಿಟ್ ಇದೆ, ಕ್ವಾಡ್ ಎನೇಬಲ್. ಇದು ಮ್ಯಾಕ್ರೋನಿಕ್ಸ್‌ನಲ್ಲಿ ಸ್ಟೇಟಸ್ ರಿಜಿಸ್ಟರ್‌ನ 6ನೇ ಬಿಟ್, ವಿನ್‌ಬಾಂಡ್‌ನಲ್ಲಿ ಎರಡನೆಯ ಸ್ಟೇಟಸ್ ರಿಜಿಸ್ಟರ್‌ನ 1ನೇ ಬಿಟ್. ಒಂದಕ್ಕೆ ಬರೆದ ಕೋಡ್ ಇನ್ನೊಂದಕ್ಕೆ ಆಗುವುದಿಲ್ಲ. ಫ್ಲ್ಯಾಶ್ ಯಶಸ್ವಿ ಅಂತ ಬರುತ್ತದೆ, ಆದರೆ ಬೂಟ್ ಆಗುವುದಿಲ್ಲ ಅನ್ನುವಾಗ ಈ ಬಿಟ್ ಮೇಲೂ ಒಂದು ಕಣ್ಣಿರಲಿ. ಮೊದಲ ಬೋರ್ಡ್‌ಗೆ ಟಿಐ ತನ್ನ ಬೋರ್ಡ್‌ನಲ್ಲಿ ಹಾಕಿದ ಫ್ಲ್ಯಾಶ್ ಅನ್ನೇ ಹಾಕುವುದು ಜಾಣತನ. ಒಂದು ತೊಂದರೆ ಕಮ್ಮಿ ಆದರೆ ಆಗಲಿ.

ಯಶಸ್ವಿಯಾದ ಮೇಲೂ ಕೆಲವರು ಬರುತ್ತಾರೆ, ಫ್ಲ್ಯಾಶ್ ಆಯಿತು ಸಾರ್, ಏನೂ ಓಡುತ್ತಿಲ್ಲ ಅಂತ. ಎಸ್‌ಒಪಿ2 ಜಂಪರ್ ತೆಗೆದು, ರಿಸೆಟ್ ಕೊಟ್ಟಿರಾ ಅಂತ ಕೇಳಿದರೆ ಅಲ್ಲೇ ಮುಗಿಯುತ್ತದೆ ಹಲವು ಸಲ. ಉಳಿದವರಿಗೆ, ಚಿಪ್‌ನ ಆವೃತ್ತಿ ಮತ್ತು ಫೈಲ್‌ನ ಆವೃತ್ತಿ ಹೊಂದುತ್ತವಾ ನೋಡಿ. 6843ರ ಇಎಸ್1 ಚಿಪ್‌ಗೆ ಮಾಡಿದ ಹಳೆಯ ಫೈಲ್ ಇಎಸ್2 ಚಿಪ್‌ನಲ್ಲಿ ನಡೆಯುವುದಿಲ್ಲ. ಡೆಮೊ ಓಡಿ, ಸೆನ್ಸರ್ ಸ್ಟಾರ್ಟ್ ಕೊಟ್ಟ ತಕ್ಷಣ ಬೋರ್ಡ್ ಸತ್ತ ಹಾಗೆ ಆದರೆ ಪವರ್ ಸಾಲುತ್ತಿಲ್ಲ. ಟಿಐನ ಬೂಸ್ಟ್ ಅನ್ನುವ ಪ್ರಯೋಗದ ಬೋರ್ಡ್‌ಗಳು 5 ವೋಲ್ಟ್‌ಗೆ 2.5 ಆಂಪಿಯರ್ ಅಡಾಪ್ಟರ್ ಕೇಳುತ್ತವೆ. ಲ್ಯಾಪ್‌ಟಾಪ್‌ನ ಯುಎಸ್‌ಬಿಯಲ್ಲಿ ಫ್ಲ್ಯಾಶ್ ಆಗಬಹುದು, ರಾಡಾರ್ ಕಿರಣ ಬಿಡಲು ಅದು ಸಾಕಾಗದಿರಬಹುದು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು, ದಯವಿಟ್ಟು ಬರೆದುಕೊಳ್ಳಿ. ಆರ್‌ಎಫ್‌ಗೆ 1.3 ಕೊಟ್ಟರೆ ಚಿಪ್‌ನ ಒಳಗಿನ ರೆಗ್ಯುಲೇಟರ್ ಅದನ್ನು ಇಳಿಸಿಕೊಳ್ಳುತ್ತದೆ. 1.0 ಕೊಟ್ಟರೆ ಆ ರೆಗ್ಯುಲೇಟರ್ ಅನ್ನು ಬೈಪಾಸ್ ಮಾಡುವಂತೆ ಕೋಡ್‌ನಲ್ಲಿ ಹೇಳಬೇಕು. ನಿಮ್ಮ ಬೋರ್ಡ್‌ನಲ್ಲಿ 1.3 ಇದ್ದು, 1.0 ಬೋರ್ಡ್‌ಗೆ ಬರೆದ ಕೋಡ್ ಅನ್ನು ಹಾಗೇ ಹಾಕಿದರೆ, ಒಳಗಿನ ಭಾಗಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಹೋಗಿ ಚಿಪ್‌ಗೆ ಹಾನಿಯಾಗಬಹುದು. ಬೇರೆ ಬೋರ್ಡ್‌ನ ಡೆಮೊ ಹಾಕುವ ಮೊದಲು ಕೋಡ್‌ನಲ್ಲಿ ಎಲ್‌ಡಿಒ (ಆ ಒಳಗಿನ ರೆಗ್ಯುಲೇಟರ್) ಬೈಪಾಸ್ ಸಾಲನ್ನು ಹುಡುಕಿ ಓದಿ. ಬಾಕಿ ಎಲ್ಲ ತಪ್ಪುಗಳಿಂದ ವಾಪಸ್ ಬರಬಹುದು, ಇದರಿಂದ ಬರುವುದು ಕಷ್ಟ.

ಬಿಜಿಎ ಬೆಸುಗೆ ಬಗ್ಗೆ ಒಬ್ಬರು ಕೇಳಿದರು. ಚಿಪ್ ಕೆಳಗೆ 0.65 ಮಿಲಿಮೀಟರ್ ಅಂತರದಲ್ಲಿ 161 ಗುಂಡುಗಳಿವೆ, ಕಣ್ಣಿಗೆ ಕಾಣುವುದಿಲ್ಲ, ನಿಜ. ಆದರೆ ಬೆಸುಗೆ ಕೆಟ್ಟಿದೆ ಅನ್ನುವುದನ್ನು ಕೊನೆಯ ಅನುಮಾನವಾಗಿ ಇಟ್ಟುಕೊಳ್ಳಿ. ಚಿಪ್ ಅನ್ನು ಮೆಲ್ಲಗೆ ಒತ್ತಿ ಹಿಡಿದಾಗ ಮಾತ್ರ ಉತ್ತರ ಬರುತ್ತಿದ್ದರೆ ಎಕ್ಸ್‌ರೇ ಮಾಡಿಸಿ. ಸುಮ್ನೆ ಅನುಮಾನದ ಮೇಲೆ ಬಿಸಿ ಗಾಳಿ ಊದಬೇಡಿ, ಸರಿಯಿದ್ದ ಗುಂಡುಗಳೂ ಕೆಡುತ್ತವೆ.

ಇನ್ನೊಬ್ಬರ ಪ್ರಶ್ನೆ ಚೆನ್ನಾಗಿತ್ತು. ಎರಡನೆಯ ಬೋರ್ಡ್ ಮಾಡುವಾಗ ಏನು ಬದಲಾಯಿಸಬೇಕು? ರಿಸೆಟ್, ಮೂರು ಎಸ್‌ಒಪಿ, ಎರಡು ಸೀರಿಯಲ್, ಆರು ಕ್ಯೂಎಸ್‌ಪಿಐ ತಂತಿಗಳು ಮತ್ತು ಪ್ರತಿ ಪವರ್ ಲೈನ್‌ಗೆ ಟೆಸ್ಟ್ ಪ್ಯಾಡ್ ಕೊಡಿ. ಪ್ಯಾಡ್‌ಗೆ ದುಡ್ಡು ಬೀಳುವುದಿಲ್ಲ, ಆರ್‌ಎಫ್ ಲ್ಯಾಮಿನೇಟ್ ಹಾಕಿದ ಬೋರ್ಡ್ ಇನ್ನೊಮ್ಮೆ ಮಾಡಿಸಲು ಜಾಸ್ತಿ ಬೀಳುತ್ತದೆ. ಒಂದು ರಿಸೆಟ್ ಬಟನ್ ಇರಲಿ. ಇನ್ನೂ ಕಲಿಯುತ್ತಿರುವವರು ಆಂಟೆನಾವನ್ನು ತನ್ನ ಮೇಲೆಯೇ ಹೊತ್ತಿರುವ 6843ಎಒಪಿ ಚಿಪ್ ತೆಗೆದುಕೊಳ್ಳಿ. ಆಗ ಸಾಮಾನ್ಯ ಎಫ್‌ಆರ್4 ಬೋರ್ಡ್ ಸಾಕು, ನಿಮ್ಮ ಗಮನವೆಲ್ಲ ಪವರ್ ಮತ್ತು ಬೂಟ್ ಮೇಲೆ ಇಡಬಹುದು.

ಕೊನೆಗೆ, ಸಹಾಯ ಕೇಳುವವರಿಗೆ. ಫ್ಲ್ಯಾಶ್ ಆಗುತ್ತಿಲ್ಲ ಅಂತ ಒಂದೇ ಸಾಲು ಬರೆದು ಕಳಿಸಿದರೆ ಯಾರಿಗೂ ಏನೂ ಹೇಳಲು ಆಗುವುದಿಲ್ಲ. ಯೂನಿಫ್ಲ್ಯಾಶ್‌ನ ಪೂರ್ತಿ ಲಾಗ್, ರಿಸೆಟ್ ಮತ್ತು ಎಸ್‌ಒಪಿ2 ಒಟ್ಟಿಗೆ ಇರುವ ಒಂದು ಸ್ಕೋಪ್ ಚಿತ್ರ, ಚಿಪ್ ಪಕ್ಕ ಅಳೆದ ವೋಲ್ಟೇಜ್‌ಗಳು, ಫ್ಲ್ಯಾಶ್ ಚಿಪ್‌ನ ಪೂರ್ತಿ ಪಾರ್ಟ್ ನಂಬರ್, ಸ್ಕೀಮ್ಯಾಟಿಕ್‌ನ ಬೂಟ್ ಭಾಗ, ಇಷ್ಟನ್ನು ಕಳಿಸಿ. ಇಷ್ಟಿದ್ದರೆ ನಾನೂ ನೋಡುತ್ತೇನೆ, ಬೋರ್ಡ್ ತಂದರೆ ಜತೆಗೆ ಕೂತು ಅಳೆಯೋಣ.